ಐಇಎಲ್‌ಟಿಎಸ್ ಓದಿನ ಪರೀಕ್ಷೆಯಲ್ಲಿ ಸಮಯ ಸಾಲುತ್ತಿಲ್ಲ, ಏನು ಮಾಡಲಿ?

ಕನ್ನಡ ಮಾಧ್ಯಮದಲ್ಲಿ ಓದಿದ ನಿಮಗೆ ಐಇಎಲ್‌ಟಿಎಸ್‌ನ (ವಿದೇಶದಲ್ಲಿ ಓದಲು, ಕೆಲಸ ಮಾಡಲು ಕೇಳುವ ಇಂಗ್ಲಿಷ್ ಪರೀಕ್ಷೆ) ಅಣಕು ಪರೀಕ್ಷೆಗಳಲ್ಲಿ ಮೂರನೆಯ ಗದ್ಯಭಾಗ ಮುಟ್ಟುವಷ್ಟರಲ್ಲೇ ಹೊತ್ತು ಮುಗಿದುಹೋಗುತ್ತದೆ, ವೇಗ ಹೆಚ್ಚಿಸಿಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. ನಾನೂ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದವಳು, ಈಗ ನರ್ಸ್. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ ಓದಿನ ವಿಭಾಗದಲ್ಲಿ 9ಕ್ಕೆ 7 ಅಂಕ ಕೇಳುತ್ತದೆ. ಮೊದಲ ಸಲ ನನಗೆ ಬಂದದ್ದು 6. ಕೊನೆಯ ಏಳು ಪ್ರಶ್ನೆಗಳನ್ನು ಓದಿಯೂ ಇರಲಿಲ್ಲ. ಐದು ತಿಂಗಳ ನಂತರ 7.5 ಬಂತು. ಆ ಐದು ತಿಂಗಳಲ್ಲಿ ನನ್ನ ವೇಗ ಹೇಳಿಕೊಳ್ಳುವಷ್ಟೇನೂ ಹೆಚ್ಚಲಿಲ್ಲ. ಓದಿದ್ದನ್ನೇ ಮತ್ತೆ ಮತ್ತೆ ಓದುವುದು ನಿಂತಿತು.

ಲೆಕ್ಕ ಹಾಕಿ ನೋಡಿ. ಅಕಾಡೆಮಿಕ್ ಪರೀಕ್ಷೆಯಲ್ಲಿ 60 ನಿಮಿಷ, 40 ಪ್ರಶ್ನೆ, ಮೂರೂ ಗದ್ಯಭಾಗ ಸೇರಿ ಹೆಚ್ಚೆಂದರೆ 2,750 ಪದ. ನಿಮಿಷಕ್ಕೆ ನೂರೇ ಪದ ಓದಿದರೂ ಒಂದು ಸುತ್ತು ಅರ್ಧ ಗಂಟೆಯೊಳಗೆ ಮುಗಿಯಬೇಕು. ಉಳಿದ ಅರ್ಧ ಗಂಟೆ ಎಲ್ಲಿ ಸೋರಿಹೋಗುತ್ತಿದೆ?

ನನ್ನದು ಸೋರುತ್ತಿದ್ದುದು ವಾಕ್ಯದ ಒಳಗೇ. 'ನದಿಯ ದಡದಲ್ಲಿ ಗೂಡು ಕಟ್ಟುವ ಹಕ್ಕಿಗಳು ಮಳೆಗಾಲಕ್ಕೆ ಮುಂಚೆ ವಲಸೆ ಹೋಗುತ್ತವೆ' ಎನ್ನುತ್ತೇವೆ ನಾವು. ವಿವರ ಮೊದಲು, ಹಕ್ಕಿ ಆಮೇಲೆ, ಕ್ರಿಯಾಪದ ಕಟ್ಟಕಡೆಗೆ. ಇಂಗ್ಲಿಷಿನಲ್ಲಿ ಹಕ್ಕಿ ಮೊದಲು ಬರುತ್ತದೆ, ಗೂಡಿನ ವಿವರ ಅದರ ಬೆನ್ನಿಗೆ, ಆಮೇಲೆ ವಲಸೆ, ಮಳೆಗಾಲ ಕೊನೆಗೆ. ನಾನು ತುದಿಯವರೆಗೆ ಹೋಗಿ, ಕ್ರಿಯಾಪದ ಹುಡುಕಿಕೊಂಡು ಹಿಂದೆ ಬಂದು, ಮನಸ್ಸಿನಲ್ಲೇ ಕನ್ನಡಕ್ಕೆ ಜೋಡಿಸಿಕೊಂಡು ಮುಂದಕ್ಕೆ ಹೋಗುತ್ತಿದ್ದೆ. ಮೂರು ಸಾಲಿನ ವಾಕ್ಯವಾದರೆ ಇದು ಎರಡು ಮೂರು ಸಲ ನಡೆಯುತ್ತಿತ್ತು. ಇದು ದಡ್ಡತನವಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಹುಟ್ಟಿನಿಂದ ಬಂದ ಪದಗಳ ಕ್ರಮ ಬೇರೆ, ಅಷ್ಟೇ.

ಅದಕ್ಕೆ ಒಂದು ತಿಂಗಳು ಗಡಿಯಾರವನ್ನು ಪಕ್ಕಕ್ಕಿಟ್ಟೆ. ದಿನಕ್ಕೊಂದು ಗದ್ಯಭಾಗ. ಉದ್ದದ ವಾಕ್ಯ ಬಂದಾಗಲೆಲ್ಲ 'ಯಾರು', 'ಏನು ಮಾಡಿದರು' ಎಂಬ ಎರಡರ ಕೆಳಗೆ ಮಾತ್ರ ಪೆನ್ಸಿಲ್ ಗೆರೆ ಎಳೆಯುತ್ತಿದ್ದೆ. ಮೂರು ವಾರ ಕಳೆಯುವ ಹೊತ್ತಿಗೆ ಪೆನ್ಸಿಲ್ ಇಲ್ಲದೆಯೂ ಕಣ್ಣು ಅವೆರಡನ್ನು ಹಿಡಿಯತೊಡಗಿತು. ಶಾಲೆಯಲ್ಲಿ ಗಟ್ಟಿಯಾಗಿ ಓದಿ ಓದಿ ತುಟಿ ಆಡಿಸುವ ಅಭ್ಯಾಸವೂ ನನಗಿತ್ತು. ಬಾಯಿಗೆ ಲವಂಗ ಹಾಕಿಕೊಂಡು ಕೂತು ಅದನ್ನು ಬಿಡಿಸಿಕೊಂಡೆ.

ಇನ್ನೊಂದು ಸೋರಿಕೆ 'ನಾಟ್ ಗಿವನ್' ಪ್ರಶ್ನೆಗಳದು. ಕೊಟ್ಟ ಹೇಳಿಕೆ ಗದ್ಯಭಾಗದ ಪ್ರಕಾರ ಸರಿಯೋ, ತಪ್ಪೋ, ಇಲ್ಲ ಅದರ ಬಗ್ಗೆ ಅಲ್ಲಿ ಏನೂ ಹೇಳಿಲ್ಲವೋ ('ನಾಟ್ ಗಿವನ್') ಎಂದು ಗುರುತಿಸಬೇಕು. ಅಭ್ಯಾಸದ ಒಂದು ಗದ್ಯಭಾಗ ನಿದ್ರೆಯ ಬಗ್ಗೆ ಇತ್ತು. ರಾತ್ರಿ ಪಾಳಿಯವರಿಗೆ ಹಗಲು ಸರಿಯಾಗಿ ನಿದ್ರೆ ಬರುವುದಿಲ್ಲ ಎಂಬ ಹೇಳಿಕೆ ಪ್ರಶ್ನೆಯಲ್ಲಿತ್ತು. ನನಗದು ಮೈಮೇಲಿನ ಅನುಭವ! ಬರೆದಿರಲೇಬೇಕು ಎಂದು ನಾಲ್ಕು ನಿಮಿಷ ಹುಡುಕಿದೆ. ಎಲ್ಲೂ ಬರೆದಿರಲಿಲ್ಲ. ಈ ಬಗೆಯ ಪ್ರಶ್ನೆಗಳ ಉತ್ತರ ಸಾಮಾನ್ಯವಾಗಿ ಗದ್ಯಭಾಗದ ಕ್ರಮದಲ್ಲೇ ಇರುತ್ತದೆ. ಐದನೆಯದು ಮತ್ತು ಏಳನೆಯದು ಸಿಕ್ಕಿದರೆ ಆರನೆಯದನ್ನು ಅವುಗಳ ನಡುವೆ ಮಾತ್ರ ಹುಡುಕಿ. ಎರಡು ಸಲ ನೋಡಿಯೂ ಸಿಗದಿದ್ದರೆ 'ನಾಟ್ ಗಿವನ್' ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗಿ. ಪ್ಯಾರಾಗಳಿಗೆ ಶೀರ್ಷಿಕೆ ಹೊಂದಿಸುವ ಪ್ರಶ್ನೆಗಳಲ್ಲಿ ಈ ಕ್ರಮ ಇರುವುದಿಲ್ಲ. ಅವುಗಳನ್ನು ನಾನು ಆಯಾ ಗದ್ಯಭಾಗದ ಕೊನೆಗೆ ಮಾಡುತ್ತಿದ್ದೆ, ಅಷ್ಟರಲ್ಲಿ ಎಲ್ಲ ಪ್ಯಾರಾಗಳ ಪರಿಚಯವೂ ಆಗಿರುತ್ತಿತ್ತು.

ಗದ್ಯಭಾಗಕ್ಕೆ ಇಷ್ಟು ನಿಮಿಷ ಎಂದು ಎಲ್ಲರೂ ಹೇಳುವ ಇಪ್ಪತ್ತು-ಇಪ್ಪತ್ತು-ಇಪ್ಪತ್ತು ನನಗೆ ಹೊಂದಲಿಲ್ಲ. ಗದ್ಯಭಾಗಗಳು ಬರಬರುತ್ತ ಕಠಿಣವಾಗುವುದರಿಂದ 17, 20, 23 ಎಂದು ಹಂಚಿಕೊಂಡೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಖಾಲಿ ಏನನ್ನೂ ಬಿಡಬೇಡಿ. ಕಾಗದದ ಮೇಲೆ ಬರೆಯುವುದಾದರೆ ಉತ್ತರವನ್ನು ನೇರವಾಗಿ ಉತ್ತರ ಪತ್ರಿಕೆಯಲ್ಲೇ ಬರೆಯಿರಿ. ಆಲಿಸುವ ವಿಭಾಗದಲ್ಲಿ ನಕಲಿಸಿಕೊಳ್ಳಲು ಕೊಡುವ ಹತ್ತು ನಿಮಿಷ ಇಲ್ಲಿ ಇಲ್ಲ.

ಮುಂದಿನ ಅಣಕು ಪರೀಕ್ಷೆಯಲ್ಲಿ ಪ್ರಶ್ನೆಗಳ ಒಂದೊಂದು ಗುಂಪು ಮುಗಿದಾಗಲೂ ಅಂಚಿನಲ್ಲಿ ಗಂಟೆ ಎಷ್ಟಾಯಿತೆಂದು ಗುರುತು ಹಾಕಿಕೊಳ್ಳಿ. ಆ ಪಟ್ಟಿಯನ್ನು ಇಲ್ಲಿ ಹಾಕಿದರೆ ನಿಮ್ಮದು ಎಲ್ಲಿ ಸೋರುತ್ತಿದೆ ಎಂದು ಇಬ್ಬರೂ ಸೇರಿ ನೋಡೋಣ.