ಒಂದೇ ಗುಂಡಿಗೆ ಸತ್ರೆ ಆಟದಲ್ಲಿ ಮಜಾ ಎಲ್ಲಿ?

ಪ್ರಶ್ನೆ: ಮೂರು ವರ್ಷದಿಂದ ಮೊಬೈಲಲ್ಲಿ ಬಿಜಿಎಂಐ (ಪಬ್‌ಜಿಯ ಇಂಡಿಯಾ ವರ್ಷನ್) ಆಡ್ತಿದ್ದೆ, ಫ್ರೆಂಡ್ ಮಾತು ಕೇಳಿ ಈಗ ಪಿಸಿಲಿ ಆರ್ಮಾ 3 ಅನ್ನೋ ಮಿಲಿಟರಿ ಗೇಮ್ ಹಾಕ್ಸಿದೀನಿ. ಮುಕ್ಕಾಲು ಗಂಟೆ ಗುಡ್ಡ ಹತ್ತಿ ಇಳಿದು ಕೊನೆಗೆ ಯಾರ್ ಹೊಡೆದ್ರು ಅಂತಾನೂ ಗೊತ್ತಾಗ್ದೆ ಸತ್ತೆ. ನಿಜವಾದ ಯುದ್ಧದ ಥರಾನೇ ಇದ್ರೆ ಅದನ್ನ ಗೇಮ್ ಅಂತ ಯಾಕ್ ಕರೀಬೇಕು ಸಾರ್?
- ಇಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಉತ್ತರ: ಸಮಾಧಾನ ಮಾಡ್ಕೊಳ್ಳಿ, ನಾನೂ ಹಂಗೇ ಸತ್ತೋನು, ಅದೂ ನಮ್ ಟೀಮಿನವನ ಗುಂಡಿಗೇ. ಮೊದ್ಲು ಒಂದ್ ವಿಷ್ಯ ಹೇಳ್ತೀನಿ, ನೀವು ಹೋಗಿರೋದು ಬೇರೆ ಊರಿಗೇನಲ್ಲ, ತಾತನ ಮನೆಗೆ. ಪಬ್‌ಜಿ ಮಾಡಿದ ಬ್ರೆಂಡನ್ ಗ್ರೀನ್ ಮೊದ್ಲು ಬ್ಯಾಟಲ್ ರಾಯಲ್ ಅಂತ, ಅಂದ್ರೆ ಕೊನೇಗೆ ಉಳಿದೋನೇ ಗೆದ್ದ ಅನ್ನೋ ಆಟ ಮಾಡಿದ್ದೇ ಆರ್ಮಾ 2 ಮೇಲೆ ಬಂದ ಡೇಝೀ ಅನ್ನೋ ಮಾಡ್ (ಇರೋ ಗೇಮನ್ನೇ ತಿದ್ದಿ ಮಾಡಿದ ಹೊಸ ರೂಪ) ಇಟ್ಕೊಂಡು, ಅದೇ ಐಡಿಯಾ ಬೆಳೆದು 2017ರಲ್ಲಿ ಪಬ್‌ಜಿ ಆಯ್ತು. ಬಿಜಿಎಂಐಲೂ ಆರ್ಮಾ ಥರಾನೇ ಗುಂಡು ಹೋಗಿ ಮುಟ್ಟೋಕೆ ಟೈಮ್ ತಗೊಳತ್ತೆ, ದೂರ ಹೋದಂಗೆ ಕೆಳಗೆ ಬಗ್ಗತ್ತೆ, ಓಡೋ ಜೀಪಿಗೆ ಒಂಚೂರು ಮುಂದಕ್ಕೇ ಗುರಿ ಇಡಬೇಕು. ಇಷ್ಟೆಲ್ಲ ನಿಜ ಇಟ್ಟೋರು ಗಾಯದ ವಿಷ್ಯಕ್ಕೆ ಬಂದಾಗ ಮಾತ್ರ ಫಸ್ಟ್ ಏಡ್ ಕಟ್ಕೊಂಡ್ರೆ ನೂರರಲ್ಲಿ 75ರವರೆಗೆ ಹೆಲ್ತ್, ಮೇಲೊಂದು ಎನರ್ಜಿ ಡ್ರಿಂಕ್ ಕುಡಿದ್ರೆ ಮಿಕ್ಕಿದ್ದೂ ತುಂಬ್ತಾ ಬರತ್ತೆ ಅಂದ್ಬಿಟ್ರು, ಇದು ಸುಳ್ಳು ಅಂತ ನೀವು ಮೂರು ವರ್ಷದಲ್ಲಿ ಒಂದ್ಸಲನಾದ್ರೂ ಬೈಕೊಂಡ್ರಾ? ಇಲ್ಲ, ಯಾಕಂದ್ರೆ ಗುಂಡು ಬಗ್ಗಿದ್ರೆ ನೀವೊಂದು ಲೆಕ್ಕ ಹಾಕ್ಬೇಕು, ಆರ್ ತಿಂಗ್ಳು ಆಸ್ಪತ್ರೆ ಬೆಡ್ಡಲ್ಲಿ ಮಲಗಿದ್ರೆ ಹಾಕೋ ಲೆಕ್ಕ ಏನೂ ಇಲ್ಲ.

ನನ್ ಪ್ರಕಾರ ಎಲ್ಲಾ ಇರೋದು ಇಲ್ಲೇ. ಇನ್‌ಸರ್ಜೆನ್ಸಿ ಸ್ಯಾಂಡ್‌ಸ್ಟಾರ್ಮ್ ಅಂತ 2018ರ ಗೇಮ್ ಇದೆ, ಅದ್ರಲ್ಲಿ ಎಷ್ಟ್ ಗುಂಡು ಉಳಿದಿದೆ ಅಂತ ನಂಬರ್ ತೋರ್ಸಲ್ಲ, ಅರ್ಧ ಖಾಲಿ ಆದ ಮ್ಯಾಗಝಿನ್ ತೆಗೆದ್ರೆ ಅದು ಅರ್ಧ ಖಾಲಿಯಾಗೇ ಜೇಬಿಗೆ ಹೋಗತ್ತೆ, ಆಮೇಲೆ ಅದೇ ಕೈಗೆ ಸಿಗಬಹುದು, ಅರ್ಜೆಂಟ್ ಇದ್ರೆ ನೆಲಕ್ಕೆ ಎಸೆದು ಬೇಗ ಹೊಸದು ಹಾಕ್ಬಹುದು ಆದ್ರೆ ಎಸೆದಿದ್ದು ಎಸೆದಂಗೇ. ನೋಡಿ, ಒಂದು ಮ್ಯಾಗಝಿನ್ನಿಂದ ಎಷ್ಟು ತಲೆಬಿಸಿ ಹುಟ್ಟಿಸಿದಾರೆ, ಅದೇ ಮಜಾ. ಬರೀ ಟೈಮ್ ತಿಂದು ಏನೂ ಯೋಚ್ನೆ ಮಾಡಿಸ್ದೇ ಇರೋ ರಿಯಲಿಸಂ ಬರೀ ಕೂಲಿ ಕೆಲ್ಸ.

ಹಂಗಾದ್ರೆ ಆರ್ಮಾದ ನಡಿಗೆ ಕೂಲಿನಾ? ಒಬ್ರೇ ಆಡಿದ್ರೆ ಹೌದು, ಹರಕೆ ಪಾದಯಾತ್ರೆ ಥರ. ನಾಲ್ಕ್ ಜನ ಮೈಕ್ ಹಾಕ್ಕೊಂಡು, ಒಬ್ಬ ಮ್ಯಾಪ್ ಹಿಡ್ಕೊಂಡು, ಇನ್ನೊಬ್ಬ ಹಿಂದೆ ನೋಡ್ಕೊಂಡು ಹೋಗಿ ನೋಡಿ, ಮುಕ್ಕಾಲು ಗಂಟೆ ನಡೆದಿರೋದ್ರಿಂದಾನೇ ಆ ಒಂದ್ ಗುಂಡಿನ ಸದ್ದಿಗೆ ಎದೆ ಧಸಕ್ಕನ್ನತ್ತೆ. ಅಂದಂಗೆ ಆ ಗುಡ್ಡ ಕೂಡ ಗ್ರೀಸಿನ ಲೆಮ್ನೋಸ್ ದ್ವೀಪ ನೋಡ್ಕೊಂಡು ಮಾಡಿದ್ದು, 2012ರಲ್ಲಿ ಆರ್ಮಾ ಮಾಡೋ ಕಂಪನಿಯ ಇಬ್ರು ಅಲ್ಲಿಗೆ ಹೋದಾಗ ಮಿಲಿಟರಿ ಜಾಗದ ಫೋಟೋ ತೆಗೆದ್ರು ಅನ್ನೋ ಗೂಢಚಾರಿಕೆ ಆರೋಪದಲ್ಲಿ ನಾಲ್ಕ್ ತಿಂಗ್ಳು ಜೈಲಲ್ಲಿದ್ರು. ನಾವ್ ಹೋಗಿದ್ದು ರಜಕ್ಕೆ ಅಂತ ಅವ್ರ ವಾದ. ನಿಮ್ ಮುಕ್ಕಾಲು ಗಂಟೆ ಏನ್ ಮಹಾ ಬಿಡಿ.

ಪ್ರಶ್ನೆ: ಏಲಿಯನ್‌ಗಳ ಜೊತೆ ಹೋರಾಡೋ ಎಕ್ಸ್‌ಕಾಮ್ ಗೇಮಲ್ಲಿ ಗುಂಡು ತಾಗೋ ಚಾನ್ಸ್ 95 ಪರ್ಸೆಂಟ್ ಅಂತ ತೋರಿಸಿ, ಏಲಿಯನ್ ಮೂತಿಗೆ ಗನ್ ಇಟ್ರೂ ಮಿಸ್ ಆಗತ್ತಲ್ಲ, ಇದು ಮೋಸ ಅಲ್ವಾ?
- ಓದುಗರು, ಮೈಸೂರು

ಉತ್ತರ: ಮೋಸಾನೇ, ಆದ್ರೆ ನಿಮ್ ಪರವಾಗಿ! ಸುಲಭದ ಲೆವೆಲ್‌ಗಳಲ್ಲಿ ಸತತವಾಗಿ ಮಿಸ್ ಆದ್ರೆ ಮುಂದಿನ ಗುಂಡಿಗೆ ಗುಟ್ಟಾಗಿ ಚಾನ್ಸ್ ಜಾಸ್ತಿ ಮಾಡ್ತಾರೆ, ಸ್ಕ್ರೀನಲ್ಲಿ ಅದು ಕಾಣಲ್ಲ. 95 ಅಂದ್ರೆ ಇಪ್ಪತ್ತರಲ್ಲಿ ಒಂದು ತಪ್ಪತ್ತೆ ಅನ್ನೋದು ಗಣಿತ, ನಮ್ ಮನಸ್ಸಿಗೆ ಅದು 'ತಪ್ಪೋದೇ ಇಲ್ಲ' ಅಂತ ಕೇಳ್ಸತ್ತೆ. ಲೆಕ್ಕ ಶುದ್ಧವಾಗಿದ್ರೆ ಇನ್ನೂ ಜಾಸ್ತಿ ಬೈತೀರ.

ಪ್ರಶ್ನೆ: ನಾವೆಲ್ಲ ಸೈಬರ್ ಕೆಫೆಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೌಂಟರ್ ಸ್ಟ್ರೈಕ್ 1.6 ಆಡಿದೋರು. ಈಗಿನ ಹುಡುಗ್ರು ಅದು ರಿಯಲ್ ಅಲ್ಲ ಅಂತಾರೆ.
- ಬ್ಯಾಂಕ್ ಉದ್ಯೋಗಿ, ಬೆಂಗಳೂರು

ಉತ್ತರ: ಹುಡುಗ್ರು ಹೇಳೋದು ಸರಿ, ಬೇಜಾರ್ ಮಾಡ್ಕೋಬೇಡಿ. ಟ್ರಿಗರ್ ಒತ್ತಿದ ಕ್ಷಣಾನೇ ಗುಂಡು ಮುಟ್ಟತ್ತೆ, ಮ್ಯಾಗಝಿನ್ನಲ್ಲಿ 25 ಉಳಿದಿದ್ರೂ ರೀಲೋಡ್ ಮಾಡಿದ್ರೆ ಒಂದೂ ವೇಸ್ಟ್ ಆಗಲ್ಲ, ಯಾವ್ ಸೈನ್ಯದಲ್ಲಿ ಹಿಂಗಿರತ್ತೆ ಹೇಳಿ. ಆದ್ರೆ ಸತ್ರೆ ಆ ರೌಂಡ್ ಮುಗಿಯೋವರೆಗೂ ಕೈ ಕಟ್ಕೊಂಡ್ ಕೂತಿರಬೇಕು, ಹಿಂದಿನ ಸೀಟಿನವನು ನಗ್ತಿರ್ತಾನೆ. ಆ ಭಯ ಪಕ್ಕಾ ರಿಯಲ್ಲು. ಡಸ್ಟ್ 2 ಅನ್ನೋ ಮ್ಯಾಪಲ್ಲಿ ಕೊನೇಗೆ ಒಬ್ಬನೇ ಉಳ್ಕೊಂಡು ಬಾಂಬ್ ಬೀಪ್ ಕೇಳ್ತಾ ಇರೋವಾಗ ಅಂಗೈ ಬೆವರಿದ್ದು ಈಗ್ಲೂ ನೆನಪಿದೆ, ಮೌಸ್ ಜಾರ್ತಿತ್ತು.

ಪ್ರಶ್ನೆ: ಮಗ ಇಂಥಾ ಗೇಮ್ ಆಡಿ ಆಡಿ ಮಿಲಿಟ್ರಿಗೆ ಸೇರ್ತೀನಿ ಅಂತಾನೆ, ಏನ್ ಮಾಡ್ಲಿ?
- ಗೃಹಿಣಿ, ಶಿವಮೊಗ್ಗ

ಉತ್ತರ: ಒಳ್ಳೇದಾಯ್ತಲ್ಲ ತಾಯಿ. ಭರ್ತಿ ರ್‍ಯಾಲಿಲಿ 1.6 ಕಿಲೋಮೀಟರ್ ಓಟ ಇರತ್ತೆ, ಅಲ್ಲಿ ಗೇಮಲ್ಲಿ ಓಡ್ಸೋಕೆ ಒತ್ತೋ ಶಿಫ್ಟ್ ಬಟನ್ ಸಿಗಲ್ಲ. ನಾಳೆ ಬೆಳಗ್ಗೆ ಐದಕ್ಕೆ ಎಬ್ಬಿಸಿ ಮೈದಾನಕ್ಕೆ ಕಳ್ಸಿ. ಎದ್ದು ಹೋದ್ನಾ ಇಲ್ವಾ ಅಂತ ನಂಗೂ ಒಂದು ಕಾಗದ ಬರೀರಿ.