ಸ್ನಾಯು ಕಾಯಿಲೆ ಇದ್ದವರಿಗೆ ಶುಗರ್ ಬಂದರೆ ಎರಡಕ್ಕೂ ಸಂಬಂಧ ಇರುತ್ತಾ?

ನಿಮ್ಮ ಅಕ್ಕನಿಗೆ 36 ವರ್ಷ, ಸಣ್ಣ ಮೈ, ಮೈಟೋಕಾಂಡ್ರಿಯಾದ (ಜೀವಕೋಶದೊಳಗೆ ಶಕ್ತಿ ತಯಾರಿಸುವ ಭಾಗ) ಸ್ನಾಯು ಕಾಯಿಲೆ ಅಂತ ಗೊತ್ತಾಗಿದೆ, ಈಗ ಶುಗರ್ ಕೂಡ ಬಂದಿದೆ, ಇವೆರಡಕ್ಕೂ ನಂಟಿದೆಯಾ ಅಂತ ಕೇಳಿದ್ದೀರಿ. ಇರುವ ಸಾಧ್ಯತೆ ಜಾಸ್ತಿ. ನಾನು ಡಾಕ್ಟರ್ ಅಲ್ಲ. ನಮ್ಮಮ್ಮನಿಗೂ ಇದೇ ಆಗಿತ್ತು, ಅಲ್ಲಿಂದ ಇದರ ಬಗ್ಗೆ ಓದುತ್ತಲೇ ಇದ್ದೇನೆ.

ಅಮ್ಮನಿಗೆ ಮೊದಲು ಮಂದವಾದದ್ದು ಕಿವಿ. ಒಲೆ ಮುಂದೆಯೇ ನಿಂತಿದ್ದರೂ "ಎಷ್ಟು ವಿಷಲ್ ಆಯ್ತು?" ಅಂತ ನಮ್ಮನ್ನು ಕೇಳುತ್ತಿದ್ದರು. ಆಮೇಲೆ ಮಹಡಿ ಹತ್ತುವಾಗ ಅರ್ಧಕ್ಕೇ ಮೆಟ್ಟಿಲ ಮೇಲೆ ಕೂತುಬಿಡೋದು ಶುರುವಾಯಿತು. ಕೊನೆಗೆ ಶುಗರ್. ಮೂರಕ್ಕೂ ಬೇರೆ ಬೇರೆ ಡಾಕ್ಟರ್, ಬೇರೆ ಬೇರೆ ಫೈಲು. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದವರು ಸಿಗಲು ಆರು ವರ್ಷ ಬೇಕಾಯಿತು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಮೈಟೋಕಾಂಡ್ರಿಯಾಕ್ಕೆ ತನ್ನದೇ ಪುಟ್ಟ ಡಿಎನ್‌ಎ ಇದೆ, 16,569 ಅಕ್ಷರದ್ದು. ಅದರ 3243ನೇ ಜಾಗದಲ್ಲಿ 'ಎ' ಇರಬೇಕಾದಲ್ಲಿ 'ಜಿ' ಬಂದರೆ ಜೀವಕೋಶಕ್ಕೆ ಶಕ್ತಿ ಸಾಲುವುದಿಲ್ಲ. ಈ ಬದಲಾವಣೆಯನ್ನು 1990ರಲ್ಲಿ ಜಪಾನಿನವರು ಮೆದುಳು, ಸ್ನಾಯುಗಳನ್ನು ಕಾಡುವ ಮೆಲಾಸ್ ಅನ್ನುವ ಕಾಯಿಲೆಯವರಲ್ಲಿ ಕಂಡುಹಿಡಿದರು. 1992ರಲ್ಲಿ ನೆದರ್ಲೆಂಡ್ಸ್‌ನ ಒಂದು ದೊಡ್ಡ ಕುಟುಂಬದಲ್ಲಿ ಇದೇ ಬದಲಾವಣೆ ಸಿಕ್ಕಿತು. ಅವರಲ್ಲಿ ಇದ್ದದ್ದು ಸಕ್ಕರೆ ಕಾಯಿಲೆ ಮತ್ತು ಕಿವುಡು, ಎರಡೂ ತಾಯಿಯ ಕಡೆಯಿಂದಲೇ ಬಂದದ್ದು.

ಶಕ್ತಿ ಕಡಿಮೆಯಾದರೆ ಕಾಲು ಸೋಲುವುದು ಸುಲಭವಾಗಿ ಅರ್ಥವಾಗುತ್ತದೆ. ಮೇದೋಜೀರಕ ಗ್ರಂಥಿಗೆ ಏನಾಗುತ್ತದೆ? ಅದರ ಬೀಟಾ ಕೋಶಗಳು ಸಕ್ಕರೆಯನ್ನು ಉರಿಸಿ, ಅದರಿಂದ ಹುಟ್ಟುವ ಎಟಿಪಿಯ (ಕೋಶಕ್ಕೆ ಶಕ್ತಿ ಕೊಡುವ ವಸ್ತು) ಮಟ್ಟ ನೋಡಿಕೊಂಡು ಇನ್ಸುಲಿನ್ ಬಿಡುತ್ತವೆ. ಎಟಿಪಿ ಏರದಿದ್ದರೆ, ರಕ್ತದಲ್ಲಿ ಸಕ್ಕರೆ ಎಷ್ಟೇ ಇದ್ದರೂ ಬೀಟಾ ಕೋಶಕ್ಕೆ ಅದರ ಸುಳಿವೇ ಹತ್ತುವುದಿಲ್ಲ. ಫ್ರಾನ್ಸ್‌ನ ಸಂಶೋಧಕರು ಇಂಥ ಕುಟುಂಬಗಳನ್ನು ಪರೀಕ್ಷಿಸಿದಾಗ, ಶುಗರ್ ಇನ್ನೂ ನಾರ್ಮಲ್ ಇದ್ದವರಲ್ಲೂ ಇನ್ಸುಲಿನ್ ಬಿಡುಗಡೆ ಕುಗ್ಗಿರುವುದು ಕಂಡಿತು. ನನಗೆ ತುಂಬಾ ತಟ್ಟಿದ್ದು ಇದೇ. "ಸಿಹಿ ಜಾಸ್ತಿ ತಿಂದೆ" ಅಂತ ಅಮ್ಮ ಸುಮ್ನೆ ತನ್ನನ್ನೇ ಬೈದುಕೊಳ್ಳುತ್ತಿದ್ದರು.

ನೀವು ಡಾಕ್ಟರ್ ಹತ್ತಿರ ಮುಖ್ಯವಾಗಿ ಕೇಳಬೇಕಾದದ್ದು ಮೆಟ್‌ಫಾರ್ಮಿನ್ ಬಗ್ಗೆ. ಶುಗರ್‌ಗೆ ಸಾಮಾನ್ಯವಾಗಿ ಮೊದಲು ಬರೆಯುವ ಮಾತ್ರೆ ಅದು. ಆದರೆ ಮೈಟೋಕಾಂಡ್ರಿಯಾದ ಕೆಲಸಕ್ಕೇ ಅಡ್ಡ ಬಂದು ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿಸಬಹುದು ಅಂತ ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ. ಹಾಗಂತ ನೀವೇ ನಿಲ್ಲಿಸಬೇಡಿ, ಸ್ನಾಯು ಕಾಯಿಲೆಯ ರಿಪೋರ್ಟ್ ತೋರಿಸಿ ಕೇಳಿ. ಸಿ-ಪೆಪ್ಟೈಡ್ ಪರೀಕ್ಷೆ ಮಾಡಿಸಿದರೆ ದೇಹದಲ್ಲಿ ಸ್ವಂತ ಇನ್ಸುಲಿನ್ ಎಷ್ಟು ತಯಾರಾಗುತ್ತಿದೆ ಅಂತ ಅಂದಾಜು ಸಿಗುತ್ತದೆ.

3243ರ ಪರೀಕ್ಷೆ ಇನ್ನೂ ಆಗಿಲ್ಲದಿದ್ದರೆ ಮೂತ್ರದಲ್ಲಿ ಮಾಡಿಸಬಹುದಾ ಕೇಳಿ. ರಕ್ತದಲ್ಲಿ ಈ ಬದಲಾವಣೆಯ ಪ್ರಮಾಣ ವಯಸ್ಸಾದಂತೆ ಇಳಿಯುತ್ತದೆ, ಹಾಗಾಗಿ ರಕ್ತ ಮಾತ್ರ ನೋಡಿದರೆ ತಪ್ಪಿಹೋಗಬಹುದು. ಬೆಂಗಳೂರಿಗೆ ಹತ್ತಿರವಿದ್ದರೆ ನಿಮ್ಹಾನ್ಸ್‌ನಲ್ಲಿ ಇಂಥ ಸ್ನಾಯು ಕಾಯಿಲೆಗಳನ್ನು ನೋಡಿ ಅನುಭವ ಇರುವವರಿದ್ದಾರೆ.

ಇನ್ನೊಂದು ಮಾತು. 3243ರ ಈ ಬದಲಾವಣೆ ದಾಟುವುದು ತಾಯಿಯಿಂದ, ಗಂಡು ಹೆಣ್ಣು ಅನ್ನದೆ ಎಲ್ಲ ಮಕ್ಕಳಿಗೂ. ಅಂದರೆ ಅಕ್ಕನಿಗಿದ್ದರೆ ನಿಮಗೂ ಇರಬಹುದು, ಅಲ್ವಾ? ನೀವೂ ಒಮ್ಮೆ ಶುಗರ್, ಕಿವಿ, ಇಸಿಜಿ ಮಾಡಿಸಿಕೊಳ್ಳಿ. ನಾನು ವರ್ಷಕ್ಕೊಮ್ಮೆ ಮಾಡಿಸುತ್ತೇನೆ.