ಮೊಮ್ಮಗನ ಗೋಲುಗಳ ಲೆಕ್ಕ

ಪ್ರಶ್ನೆ: ನನ್ನ ಮಗಳ ಸಂಸಾರ ಕೆನಡಾದಲ್ಲಿದೆ. ಹದಿನೇಳು ವರ್ಷದ ಮೊಮ್ಮಗ ಐಸ್ ಹಾಕಿಯಲ್ಲಿ ಗೋಲ್‌ಕೀಪರ್. ಕಳೆದ ವರ್ಷ ಪಂದ್ಯಕ್ಕೆ ಸರಾಸರಿ 2 ಗೋಲು ಬಿಟ್ಟುಕೊಡುತ್ತಿದ್ದವನು, ಈ ವರ್ಷ ಮೇಲಿನ ದರ್ಜೆಯ ತಂಡ ಸೇರಿದ ಮೇಲೆ 3 ಗೋಲು ಬಿಟ್ಟುಕೊಡುತ್ತಿದ್ದಾನೆ. ಎದುರಾಳಿಗಳ ಹೊಡೆತಗಳು ಪಂದ್ಯಕ್ಕೆ 22 ಇದ್ದದ್ದು 36ಕ್ಕೆ ಏರಿವೆ ಎಂದು ಮಗಳು ಹೇಳುತ್ತಾಳೆ. ಎತ್ತರ 5 ಅಡಿ 11 ಅಂಗುಲ. ಆಟ ಬಿಡಿಸಿ ಓದಿಗೆ ಹಚ್ಚಬೇಕೆಂಬುದು ಅಳಿಯಂದಿರ ಅಭಿಪ್ರಾಯ. ಮೂವತ್ತು ವರ್ಷ ಕಬಡ್ಡಿ, ಖೊಖೊ ಕಲಿಸಿದ ನಾನು ಈ ಆಟವನ್ನು ಮಗಳು ಕಳಿಸುವ ವಿಡಿಯೊಗಳಲ್ಲಿ ಮಾತ್ರ ಕಂಡಿದ್ದೇನೆ. ಹುಡುಗನಲ್ಲಿ ಹುರುಳಿದೆಯೇ ಎಂದು ತಿಳಿಯುವುದು ಹೇಗೆ?
— ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರು, ಕಲಬುರಗಿ

ಉತ್ತರ: ತಾವು ಕೊಟ್ಟ ಅಂಕಿಗಳನ್ನೇ ಇನ್ನೊಂದು ಬಗೆಯಲ್ಲಿ ನೋಡೋಣ. 22 ಹೊಡೆತಗಳಲ್ಲಿ 20 ತಡೆದರೆ ನೂರಕ್ಕೆ ಸುಮಾರು 91 ಆಗುತ್ತದೆ; 36ರಲ್ಲಿ 33 ತಡೆದರೆ ಸುಮಾರು 92. ಗೋಲುಗಳು ಹೆಚ್ಚಿವೆ, ಆದರೆ ಹುಡುಗ ಹಿಂದೆ ಬಿದ್ದಿಲ್ಲ. ಹಾಗೆಂದು ಈ ಒಂದು ಅಂಕಕ್ಕೆ ಹಿಗ್ಗುವುದೂ ಬೇಡ. ಇಪ್ಪತ್ತು ಪಂದ್ಯಗಳಲ್ಲಿ 720 ಹೊಡೆತ ಎದುರಿಸುವವನಿಗೆ ನೂರಕ್ಕೆ ಒಂದರ ವ್ಯತ್ಯಾಸವೆಂದರೆ ಏಳು ಗೋಲು ಮಾತ್ರ, ಮತ್ತು ತನ್ನದೇ ತಂಡದವನ ಸ್ಕೇಟ್‌ಗೆ ತಗುಲಿ ದಿಕ್ಕು ಬದಲಿಸಿದ ಪಕ್‌ಗಳೇ (ಈ ಆಟದಲ್ಲಿ ಚೆಂಡಿನ ಬದಲಿಗಿರುವ ಬಿಲ್ಲೆ) ಅಷ್ಟಾಗಬಹುದು. ದೂರದಿಂದ ಬಂದ ನೇರ ಹೊಡೆತವನ್ನೂ, ಅಡ್ಡ ಪಾಸಿನ ಬೆನ್ನಿಗೇ ಹತ್ತಿರದಿಂದ ಬಂದ ಹೊಡೆತವನ್ನೂ ಆ ಲೆಕ್ಕ ಒಂದೇ ತೂಕದಲ್ಲಿ ಹಿಡಿಯುತ್ತದೆ.

ಆದ್ದರಿಂದ ಹೊಡೆತಕ್ಕಿಂತ ಮುಂಚಿನ ಎರಡು ಮೂರು ಕ್ಷಣಗಳನ್ನು ನೋಡಿ. ಇದಕ್ಕೆ ತಮ್ಮ ಕಬಡ್ಡಿಯ ಕಣ್ಣೇ ಸಾಕು; ರೈಡರ್ ಒಳಹೊಕ್ಕಾಗ ಅವನ ಕೈಗೆ ಮರುಳಾಗದೆ ಕಾಲು ನೋಡಿರೆಂದು ಮಕ್ಕಳಿಗೆ ತಾವೇ ಹೇಳಿರುತ್ತೀರಿ. ಗೋಲಿನ ಬಾಯಿ 6 ಅಡಿ ಅಗಲ, 4 ಅಡಿ ಎತ್ತರ. ಪಕ್ ಎಂಬುದು 7.6 ಸೆಂ.ಮೀ. ಅಗಲದ, 170 ಗ್ರಾಂವರೆಗೆ ತೂಗುವ ಗಟ್ಟಿ ರಬ್ಬರಿನ ಬಿಲ್ಲೆ. ಹೊಡೆತ ಹೊರಡುವ ಮೊದಲೇ ಅವನು ಜಾಗ ಹಿಡಿದು, ಪಕ್‌ಗೆ ಎದೆಯೊಡ್ಡಿ ನಿಂತಿರುತ್ತಾನೆಯೇ, ಅಥವಾ ಇನ್ನೂ ಜಾರುತ್ತಿರುತ್ತಾನೆಯೇ? ಅವಸರದಲ್ಲಿ ಮೊಣಕಾಲೂರಿ ಮೇಲಿನ ಮೂಲೆಗಳನ್ನು ತೆರೆದಿಡುತ್ತಾನೆಯೇ? ತಡೆದ ಪಕ್ ಬದಿಗೆ ಸರಿಯುತ್ತದೆಯೋ, ಎದುರಾಳಿಯ ಕೋಲಿಗೇ ಮರಳುತ್ತದೆಯೋ? ಮೈಚಾಚಿ ಹಾರಿ ತಡೆದದ್ದು ನೋಡಲು ಚೆಂದ. ಆದರೆ ಅನೇಕ ಸಲ ತಡವಾಗಿ ಜಾಗ ತಲುಪಿದವನೇ ಹಾರಬೇಕಾಗುತ್ತದೆ.

ಎತ್ತರದ ವಿಚಾರದಲ್ಲಿ ಅಳುಕು ಸಹಜ, ಏಕೆಂದರೆ ಉತ್ತರ ಅಮೆರಿಕದ ಅತ್ಯುನ್ನತ ವೃತ್ತಿಪರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ಗೋಲ್‌ಕೀಪರ್‌ಗಳಲ್ಲಿ ಬಹುತೇಕರು ಆರಡಿ ಮೀರಿದವರು. ಆದರೆ ಅದೇ ಲೀಗ್‌ನ ಗೋಲ್‌ಕೀಪರ್, ಫಿನ್ಲೆಂಡಿನ ಯೂಸೆ ಸಾರೋಸ್ ತಮ್ಮ ಮೊಮ್ಮಗನಷ್ಟೇ ಎತ್ತರದವರು.

ಇನ್ನು ವಯಸ್ಸು. ಗೋಲ್‌ಕೀಪರ್ ಹೆಸರುಕಾಳಿನಂತೆ ಎಪ್ಪತ್ತು ದಿನಕ್ಕೆ ಕೈಗೆ ಬರುವ ಬೆಳೆಯಲ್ಲ, ನಮ್ಮ ತೊಗರಿಯಂತೆ ಕಾಯಿಸುವ ಬೆಳೆ. ಎನ್‌ಎಚ್‌ಎಲ್ ತಂಡಗಳು ಎಳೆಯ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 2000ನೇ ಇಸವಿಯ ಡ್ರಾಫ್ಟ್‌ನಲ್ಲಿ ಮೊತ್ತಮೊದಲ ಆಯ್ಕೆ ಗೋಲ್‌ಕೀಪರ್ ರಿಕ್ ಡಿಪಿಯೆಟ್ರೊ. ಗಾಯಗಳು ಅವರ ಆಟವನ್ನು ನುಂಗಿದವು. ಅದೇ ಡ್ರಾಫ್ಟ್‌ನಲ್ಲಿ 205ನೆಯವರಾಗಿ ಆಯ್ಕೆಯಾದ ಹೆನ್ರಿಕ್ ಲುಂಡ್‌ಕ್ವಿಸ್ಟ್ ನ್ಯೂಯಾರ್ಕ್ ರೇಂಜರ್ಸ್ ತಂಡದ ಗೋಲನ್ನು ಹದಿನೈದು ಋತುಗಳ ಕಾಲ ಕಾದರು. ಟಿಮ್ ಥಾಮಸ್ ಎನ್‌ಎಚ್‌ಎಲ್‌ನಲ್ಲಿ ನೆಲೆಯೂರಿದ್ದು ಮೂವತ್ತು ದಾಟಿದ ಮೇಲೆ. ಇವರೆಲ್ಲ ಅಪವಾದಗಳು, ಹದಿನೇಳರಲ್ಲಿ ಆಡುವ ಬಹುಪಾಲು ಹುಡುಗರು ಆ ಮಟ್ಟ ಮುಟ್ಟುವುದಿಲ್ಲ ಎಂಬುದನ್ನೂ ಮುಚ್ಚಿಡಲಾರೆ. ಆದರೆ ಹದಿನೇಳರಲ್ಲೇ ತೀರ್ಪು ಕೊಡುವುದಕ್ಕೆ ಈ ಸ್ಥಾನದಲ್ಲಿ ಆಧಾರ ಕಡಿಮೆ.

ಅಳಿಯಂದಿರ ಚಿಂತೆ ನ್ಯಾಯವಾದದ್ದೇ, ಆದರೆ ಆಟವೋ ಓದೋ ಎಂದು ಈಗಲೇ ಆರಿಸಬೇಕಾಗಿಲ್ಲ. ಮೊದಲು ಕೆನಡಾದ ಮೇಜರ್ ಜೂನಿಯರ್ (ಹದಿಹರೆಯದವರ ಮೇಲ್ದರ್ಜೆಯ) ಲೀಗ್‌ಗಳಲ್ಲಿ ಆಡಿದವರಿಗೆ ಅಮೆರಿಕದ ಎನ್‌ಸಿಎಎ ಕಾಲೇಜು ಹಾಕಿಯ ಬಾಗಿಲು ಮುಚ್ಚುತ್ತಿತ್ತು. 2025ರ ಆಗಸ್ಟ್‌ನಿಂದ ಆ ನಿರ್ಬಂಧ ತೆರವಾಗಿದೆ. ಓದುತ್ತಲೇ ಇಪ್ಪತ್ತೆರಡು, ಇಪ್ಪತ್ಮೂರರವರೆಗೆ ಆಡಲು ಇದರಿಂದ ಅವಕಾಶ ಹೆಚ್ಚಿದೆ.

ಒಂದು ಮಾತು. ತಾಯಂದಿರು ಕಳಿಸುವ ವಿಡಿಯೊಗಳಲ್ಲಿ ಸಾಮಾನ್ಯವಾಗಿ ತಡೆದ ಹೊಡೆತಗಳೇ ಇರುತ್ತವೆ. ಮುಂದಿನ ಸಲ ಗೋಲು ಬಿದ್ದದ್ದನ್ನೂ, ಅದಾದ ಮೇಲಿನ ಎರಡು ನಿಮಿಷಗಳನ್ನೂ ಕತ್ತರಿಸದೆ ಕಳಿಸುವಂತೆ ಮಗಳಿಗೆ ಹೇಳಿ.